ಹದ ಮತ್ತು ಬಿತ್ತನೆ: ವೃದ್ಧಾಪ್ಯದಲ್ಲಿ ಮೆದುಳಿನ ಪ್ರಚೋದನೆಯೂ ಅಂಗಸಾಧನೆಯೂ

ಆಯುರ್ವೇದದ ಆಚಾರ್ಯರು ಪಾರ್ಶ್ವವಾಯುವನ್ನು ಪಕ್ಷಾಘಾತವೆಂದು ಕರೆದರು. ಪಕ್ಷವೆಂದರೆ ಪಕ್ಕ, ಆಘಾತವೆಂದರೆ ಹೊಡೆತ. ದೇಹದ ಒಂದು ಪಕ್ಕಕ್ಕೆ ಬಿದ್ದ ಹೊಡೆತವೇ ಪಕ್ಷಾಘಾತ. ಧಾರವಾಡ ಸೀಮೆಯ ಜನರು 'ಲಕ್ವ ಹೊಡೆಯಿತು' ಎನ್ನುವಾಗಲೂ ಅದೇ ಹೊಡೆತದ ಭಾವವು ಮಾತಿನಲ್ಲಿ ಉಳಿದು ಬಂದಿದೆ. ಮೂರು ದಶಕಗಳ ಕಾಲ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈಯೊಂದು ಒಂದು ಮುಂಜಾನೆ ತುತ್ತನ್ನು ಎತ್ತಲಾರದಾಗುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲಾರದಾಗುತ್ತದೆ. ಪಿಂಚಣಿಯ ಕಾಗದಕ್ಕೆ ಸಹಿ ಮಾಡಲಾರದಾಗುತ್ತದೆ. ಪ್ರಾಣಾಪಾಯವು ಕಳೆದು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆಯೇ ಆ ಹಿರಿಯರ ನಿಜವಾದ ಕಷ್ಟವು ಆರಂಭವಾಗುವುದು.

ಇಂತಹ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. 'ವಯಸ್ಸಾಯಿತು, ಇನ್ನೇನು ಮಾಡುವುದು' ಎಂಬುದು ಹಳೆಯ ಮಾತು. 'ತಲೆಗೆ ಹಚ್ಚಿ ಕರೆಂಟು ಕೊಡುವ ಯಂತ್ರ ಬಂದಿದೆಯಂತೆ, ಅದರಿಂದ ಕೈ ಏಳುತ್ತದಂತೆ' ಎಂಬುದು ಹೊಸ ಮಾತು. ಮೊದಲನೆಯದು ನಿರಾಶೆ, ಎರಡನೆಯದು ಅತಿಯಾಸೆ. ಇವೆರಡರ ನಡುವೆ ಸತ್ಯವು ಎಲ್ಲಿ ನಿಂತಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೆದುಳು ಮತ್ತು ಕೈ

ದೇಹದ ಬಲಭಾಗದ ಚಲನೆಯನ್ನು ಮೆದುಳಿನ ಎಡ ಗೋಳಾರ್ಧವೂ, ಎಡಭಾಗದ ಚಲನೆಯನ್ನು ಬಲ ಗೋಳಾರ್ಧವೂ ನಡೆಸುತ್ತವೆ. ಚಲನೆಯ ಆಜ್ಞೆಯನ್ನು ಹೊತ್ತು ಇಳಿಯುವ ನರತಂತುಗಳಲ್ಲಿ ಹೆಚ್ಚಿನವು ಮೆದುಳಿನ ಬುಡದಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ದಾಟುವುದೇ ಇದಕ್ಕೆ ಕಾರಣ. ಮೆದುಳಿನ ಮೇಲ್ಪದರದಲ್ಲಿ ಒಂದು ಕಿವಿಯ ಕಡೆಯಿಂದ ನೆತ್ತಿಯತ್ತ ಏರಿ ಇನ್ನೊಂದು ಕಿವಿಯ ಕಡೆಗೆ ಇಳಿಯುವ ಪಟ್ಟಿಯೊಂದು ಈ ಆಜ್ಞೆಗಳ ಮುಖ್ಯ ನೆಲೆ. ೧೮೭೦ರಲ್ಲಿ ಜರ್ಮನಿಯ ಫ್ರಿಟ್ಶ್ ಮತ್ತು ಹಿಟ್ಸಿಗ್ ಎಂಬವರು ನಾಯಿಯ ಮೆದುಳಿನ ಮೇಲೆ ವಿದ್ಯುತ್ತನ್ನು ಹಾಯಿಸಿ, ಇಂತಿಂತಹ ಸ್ಥಳವನ್ನು ಮುಟ್ಟಿದರೆ ಇಂತಿಂತಹ ಅಂಗವು ಚಲಿಸುವುದೆಂದು ತೋರಿಸಿದರು. ಈ ಪಟ್ಟಿಯಲ್ಲಿ ಅಂಗಗಳ ಗಾತ್ರಕ್ಕೆ ತಕ್ಕಂತೆ ಸ್ಥಳ ಹಂಚಿಕೆಯಾಗಿಲ್ಲ. ಕೆಲಸದ ಸೂಕ್ಷ್ಮತೆಗೆ ತಕ್ಕಂತೆ ಆಗಿದೆ. ಆದಕಾರಣ ಬೆನ್ನಿಗಿಂತ ಬೆರಳುಗಳಿಗೇ ಅಲ್ಲಿ ಹೆಚ್ಚಿನ ಜಾಗವಿದೆ.

ಮೆದುಳಿನ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ, ಇಲ್ಲವೆ ಒಡೆದುಹೋದಾಗ, ಆ ನಾಳವು ಪೋಷಿಸುತ್ತಿದ್ದ ಭಾಗದ ನರಕೋಶಗಳು ಸಾಯುತ್ತವೆ. ಸತ್ತ ಕೋಶಗಳು ಮರಳಿ ಹುಟ್ಟುವುದಿಲ್ಲ. ಆದರೆ ಅವುಗಳ ನೆರೆಯಲ್ಲಿ ಉಳಿದ ಕೋಶಗಳು ಹೊಸ ಸಂಬಂಧಗಳನ್ನು ಬೆಳೆಸಿಕೊಂಡು ಕಳೆದುಹೋದ ಕೆಲಸದಲ್ಲಿ ಸ್ವಲ್ಪ ಪಾಲನ್ನು ವಹಿಸಿಕೊಳ್ಳಬಲ್ಲವು. ೧೯೯೬ರಲ್ಲಿ ಅಮೆರಿಕೆಯ ನುಡೋ ಮತ್ತು ಸಂಗಡಿಗರು ಕೋತಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮೆದುಳಿಗೆ ಗಾಯವಾದ ತರುವಾಯ ಕೈಯ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದ ಕೋತಿಗಳಲ್ಲಿ ಕೈಗೆ ಸೇರಿದ ಉಳಿದ ಪ್ರದೇಶವು ಕುಗ್ಗದೆ ನಿಂತಿತು, ಕೆಲವೆಡೆ ಹಿಗ್ಗಿತು. ಅಭ್ಯಾಸವಿಲ್ಲದ ಕೋತಿಗಳಲ್ಲಿಯಾದರೋ ಗಾಯವಾಗದೆ ಉಳಿದ ಭಾಗದಲ್ಲಿಯೂ ಕೈಯ ನೆಲೆಯು ಕುಗ್ಗಿಹೋಗಿತ್ತು. ಬಳಸಿದರೆ ಬೆಳೆಯುವುದು, ಬಿಟ್ಟರೆ ಬಾಡುವುದು ಎಂಬ ನಿಯಮವು ವಿದ್ಯೆಗೆ ಹೇಗೋ ಮೆದುಳಿಗೂ ಹಾಗೆಯೇ ಸಲ್ಲುತ್ತದೆ.

ಜನರು ಫಿಜಿಯೋಥೆರಪಿ ಎಂದು ಕರೆಯುವ ಚಿಕಿತ್ಸೆಯ ತಳಹದಿಯು ಇದೇ ಆಗಿದೆ. ಹಳೆಯ ಗರಡಿಮನೆಗಳಲ್ಲಿ ಬಳಕೆಯಲ್ಲಿದ್ದ ಅಂಗಸಾಧನೆ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಲೋಟವನ್ನು ಹಿಡಿದು ಬಿಡುವುದು, ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಇವೇ ಅದರ ಪಾಠಗಳು. ಅಮೆರಿಕೆಯ ಎಡ್ವರ್ಡ್ ಟೌಬ್ ಎಂಬ ವಿದ್ವಾಂಸರು ಇದನ್ನು ಮುಂದುವರಿಸಿ, ಒಳ್ಳೆಯ ಕೈಗೆ ಚೀಲ ತೊಡಿಸಿ ಕಟ್ಟಿಹಾಕಿ, ಸೋತ ಕೈಯಿಂದಲೇ ದಿನವಿಡೀ ಕೆಲಸ ಮಾಡಿಸುವ ಕ್ರಮವನ್ನು ರೂಪಿಸಿದರು. ೨೦೦೬ರಲ್ಲಿ ಪ್ರಕಟವಾದ ೨೨೨ ಜನರ ಪರೀಕ್ಷೆಯೊಂದರಲ್ಲಿ, ಎರಡು ವಾರ ಈ ಕ್ರಮವನ್ನು ನಡೆಸಿದವರ ಕೈ ವಾಡಿಕೆಯ ಆರೈಕೆ ಪಡೆದವರ ಕೈಗಿಂತ ಹೆಚ್ಚು ಸುಧಾರಿಸಿತು. ವರುಷದ ತರುವಾಯವೂ ಆ ಲಾಭವು ಉಳಿದಿತ್ತು. ಇಲ್ಲಿ ಯಾವ ಯಂತ್ರವೂ ಇರಲಿಲ್ಲ. ಇದ್ದುದು ಛಲ ಮತ್ತು ಪುನರಾವೃತ್ತಿ.

ಶಸ್ತ್ರವಿಲ್ಲದ ಪ್ರಚೋದನೆ

ವಿದ್ಯುತ್ತಿನಿಂದ ವ್ಯಾಧಿಯನ್ನು ಗುಣಪಡಿಸುವ ಹಂಬಲವು ಪ್ರಾಚೀನವಾದುದು. ಒಂದನೆಯ ಶತಮಾನದ ರೋಮನ್ ವೈದ್ಯನಾದ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬವನು ವಿದ್ಯುತ್ತನ್ನು ಹೊರಸೂಸುವ ಮೀನನ್ನು ತಲೆನೋವಿನವರ ಹಣೆಗೆ ಇಡಲು ಹೇಳಿದ್ದನು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಟಲಿಯ ಅಲ್ದೀನಿಯು ಮನೋವ್ಯಥೆಯಿಂದ ಬಳಲುವವರ ತಲೆಗೆ ವಿದ್ಯುತ್ತನ್ನು ಹಾಯಿಸಿ ನೋಡಿದನು. ಆದರೆ ಶಾಸ್ತ್ರೀಯವಾದ ಅಳತೆಗೋಲು ದೊರೆತುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಈಗ ಬಳಕೆಯಲ್ಲಿರುವ ಮುಖ್ಯ ವಿಧಾನಗಳು ಎರಡು.

ಮೊದಲನೆಯದು ಕಾಂತೀಯ ಪ್ರಚೋದನೆ. ಇದನ್ನು ವೈದ್ಯರು ಟಿ.ಎಂ.ಎಸ್. ಎಂದು ಕರೆಯುತ್ತಾರೆ. ಬದಲಾಗುವ ಕಾಂತಕ್ಷೇತ್ರವು ಸಮೀಪದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೆಂದು ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದರು. ಶಾಲೆಯ ಪ್ರಯೋಗಶಾಲೆಯಲ್ಲಿ ಸುರುಳಿ ಮತ್ತು ಕಾಂತವನ್ನು ಇಟ್ಟುಕೊಂಡು ತೋರಿಸುವ ಪಾಠವಿದು. ೧೯೮೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಅದೇ ನಿಯಮವನ್ನು ಮೆದುಳಿಗೆ ಅನ್ವಯಿಸಿದರು. ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಡಿಮೆ ಕಾಲ ಪ್ರಬಲವಾದ ವಿದ್ಯುತ್ತನ್ನು ಅದರಲ್ಲಿ ಹರಿಸಿದಾಗ, ಕಾಂತಕ್ಷೇತ್ರವು ಬುರುಡೆಯನ್ನು ಹಾಯ್ದು ಒಳಗಿನ ನರಕೋಶಗಳನ್ನು ಎಚ್ಚರಿಸುತ್ತದೆ. ಎದುರು ಪಕ್ಕದ ಬೆರಳು ತಾನಾಗಿ ಮಿಡಿಯುತ್ತದೆ. ತಲೆಗೆ ಕತ್ತರಿಯೂ ತಾಗುವುದಿಲ್ಲ, ಸೂಜಿಯೂ ತಾಗುವುದಿಲ್ಲ. ಈ ಮಿಡಿತಗಳನ್ನು ಸಾಲಾಗಿ ಕೊಟ್ಟರೆ ಪರಿಣಾಮವು ಯಂತ್ರ ನಿಂತ ಮೇಲೆಯೂ ಕೆಲಕಾಲ ಉಳಿಯುತ್ತದೆ. ಸೆಕೆಂಡಿಗೆ ಒಂದರಂತೆ ನಿಧಾನವಾಗಿ ಕೊಟ್ಟರೆ ಸಾಮಾನ್ಯವಾಗಿ ಆ ಭಾಗದ ಚುರುಕು ತಗ್ಗುತ್ತದೆ. ಐದಕ್ಕೂ ಹೆಚ್ಚಿನ ವೇಗದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಹೆಚ್ಚುತ್ತದೆ.

ಎರಡನೆಯದು ನೇರ ವಿದ್ಯುತ್ ಪ್ರಚೋದನೆ, ಟಿ.ಡಿ.ಸಿ.ಎಸ್. ಎಂಬುದು ಇದರ ಹೆಸರು. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜಿನ ತುಂಡುಗಳನ್ನು ತಲೆಗೆ ಪಟ್ಟಿಯಿಂದ ಕಟ್ಟಿ, ಬ್ಯಾಟರಿಯ ಸಹಾಯದಿಂದ ಒಂದೆರಡು ಮಿಲಿಆಂಪಿಯರ್ ವಿದ್ಯುತ್ತನ್ನು ಇಪ್ಪತ್ತು ನಿಮಿಷಗಳವರೆಗೆ ಹರಿಸುತ್ತಾರೆ. ಹಳೆಯ ಕಾಲದ ಬ್ಯಾಟರಿಯ ಬಲ್ಬು ಉರಿಯಲು ಬೇಕಾಗುವ ವಿದ್ಯುತ್ತಿನ ನೂರರಲ್ಲಿ ಒಂದು ಪಾಲು ಮಾತ್ರ ಇದು. ಇದರಲ್ಲಿಯೂ ಹೆಚ್ಚಿನ ಅಂಶವು ಚರ್ಮದಲ್ಲಿಯೇ ಹರಿದುಹೋಗುತ್ತದೆ. ಇಷ್ಟು ಅಲ್ಪವಾದ ವಿದ್ಯುತ್ತು ನರಕೋಶಕ್ಕೆ ಆಜ್ಞೆ ಮಾಡಲಾರದು, ಬೆರಳು ಮಿಡಿಯುವುದಿಲ್ಲ. ಅದು ಕೋಶವನ್ನು ಪ್ರತಿಕ್ರಿಯೆಗೆ ಒಂದಿಷ್ಟು ಸಮೀಪಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೆ. ೨೦೦೦ದಲ್ಲಿ ಜರ್ಮನಿಯ ಗಟಿಂಗನ್ ನಗರದಲ್ಲಿ ನಿಟ್ಶೆ ಮತ್ತು ಪೌಲಸ್ ಎಂಬ ಇಬ್ಬರು ವಿಜ್ಞಾನಿಗಳು ಈ ಪರಿಣಾಮವನ್ನು ಅಳೆದು ತೋರಿಸಿದರು. ಹದಿಮೂರು ನಿಮಿಷ ಹರಿಸಿದ ವಿದ್ಯುತ್ತಿನ ಪ್ರಭಾವವು ಒಂದೂವರೆ ಗಂಟೆಯವರೆಗೂ ಉಳಿಯಬಹುದೆಂದು ಮರುವರ್ಷ ಅವರೇ ವರದಿ ಮಾಡಿದರು.

ಜೋಡಿಸುವುದೇಕೆ?

ಒಂದೂವರೆ ಗಂಟೆ ಕಳೆದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಏನೂ ಆಗುವುದಿಲ್ಲ, ಮೆದುಳು ಮೊದಲಿನ ಸ್ಥಿತಿಗೆ ಮರಳುತ್ತದೆ. ಅದೇ ಅವಧಿಯಲ್ಲಿ ರೋಗಿಯು ಕೈಯನ್ನು ಕೆಲಸಕ್ಕೆ ಹಚ್ಚಿದರೆ ಮಾತ್ರ ಆ ಅಭ್ಯಾಸವು ಹೆಚ್ಚು ಆಳವಾಗಿ ನಾಟಬಹುದೆಂಬುದು ವಿಜ್ಞಾನಿಗಳ ನಿರೀಕ್ಷೆ.

ಧಾರವಾಡದ ಎರೆಭೂಮಿಯ ರೈತನಿಗೆ ಇದನ್ನು ವಿವರಿಸಿ ಹೇಳುವ ಅವಶ್ಯಕತೆಯಿಲ್ಲ. ಒಣಗಿದ ಎರೆಯು ಬಿರುಕುಬಿಟ್ಟು ಕಲ್ಲಾಗಿರುತ್ತದೆ. ತೊಯ್ದ ಎರೆಯು ಕಾಲಿಗೆ ಅಂಟಿಕೊಳ್ಳುತ್ತದೆ. ಇವೆರಡರ ನಡುವೆ ಕೆಲವೇ ದಿನ ನೆಲವು ಹದಕ್ಕೆ ಬರುತ್ತದೆ. ಆ ಹದವನ್ನು ಅರಿತು ಕೂರಿಗೆ ಹೂಡಿದವನಿಗೆ ಬೆಳೆಯುಂಟು. ಹದವಾದ ನೆಲವನ್ನು ಬಿತ್ತದೆ ಬಿಟ್ಟವನಿಗೆ ಕಳೆಯೇ ಫಲ. ಹದವಿಲ್ಲದ ನೆಲದಲ್ಲಿ ಬಿತ್ತಿದವನಿಗಾದರೂ ಕಷ್ಟಪಟ್ಟರೆ ನಾಲ್ಕು ಕಾಳು ಬಂದೀತು. ಬಿತ್ತದೆ ಇದ್ದವನಿಗೆ ಒಂದು ಕಾಳೂ ಬಾರದು. ಮೆದುಳಿನ ಪ್ರಚೋದನೆಯು ಹದ, ಅಂಗಸಾಧನೆಯು ಬಿತ್ತನೆ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಂತ್ರದ ಬಗೆಗಿನ ಅರ್ಧ ಭ್ರಮೆಯು ತಾನಾಗಿ ಹರಿಯುತ್ತದೆ.

ಪಾರ್ಶ್ವವಾಯುವಿನಲ್ಲಿ ಇನ್ನೊಂದು ತರ್ಕವೂ ಇದೆ. ಮೆದುಳಿನ ಎರಡು ಗೋಳಾರ್ಧಗಳು ಒಂದನ್ನೊಂದು ಹತ್ತಿಕ್ಕುತ್ತ ಸಮತೋಲವನ್ನು ಕಾಯ್ದುಕೊಂಡಿರುತ್ತವೆ. ಒಂದಕ್ಕೆ ಪೆಟ್ಟಾದಾಗ ಇನ್ನೊಂದರ ಒತ್ತಡವು ಮಿತಿಮೀರಿ, ಪೆಟ್ಟಾದ ಭಾಗದ ಚೇತರಿಕೆಯನ್ನು ತಡೆಯುವುದೆಂದು ಹಲವರು ಭಾವಿಸಿದರು. ಆದ್ದರಿಂದ ಪೆಟ್ಟಾದ ಕಡೆಯನ್ನು ಚುರುಕುಗೊಳಿಸುವುದು, ಇಲ್ಲವೆ ಎದುರು ಕಡೆಯನ್ನು ತಗ್ಗಿಸುವುದು, ಇಲ್ಲವೆ ಎರಡನ್ನೂ ಒಮ್ಮೆಗೇ ಮಾಡುವುದು, ಹೀಗೆ ಮೂರು ದಾರಿಗಳು ಹುಟ್ಟಿದವು.

ಪರೀಕ್ಷೆಯ ಒರೆಗಲ್ಲು

ತರ್ಕವು ಎಷ್ಟೇ ಸುಂದರವಾಗಿದ್ದರೂ ಚಿಕಿತ್ಸೆಯು ಒರೆಗಲ್ಲಿಗೆ ಉಜ್ಜಿದ ಮೇಲೆಯೇ ಚಿನ್ನವೆನಿಸುವುದು. ಇಲ್ಲಿ ಒರೆಗಲ್ಲೆಂದರೆ ಹುಸಿ ಚಿಕಿತ್ಸೆಯೊಡನೆ ಹೋಲಿಕೆ. ಕೆಲವರಿಗೆ ನಿಜವಾದ ಪ್ರಚೋದನೆಯನ್ನು ಕೊಟ್ಟು, ಉಳಿದವರಿಗೆ ಯಂತ್ರವನ್ನು ಕಟ್ಟಿಯೂ ವಿದ್ಯುತ್ತನ್ನು ಹರಿಸದೆ, ಇಬ್ಬರಿಗೂ ಒಂದೇ ಬಗೆಯ ಅಂಗಸಾಧನೆ ಮಾಡಿಸುತ್ತಾರೆ. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ಫಲವನ್ನು ಅಳೆಯುವವರಿಗೂ ತಿಳಿಯದು.

ಆರಂಭದ ಫಲಿತಾಂಶಗಳು ಉತ್ಸಾಹವನ್ನು ತಂದವು. ೨೦೦೫ರಲ್ಲಿ ಹುಮೆಲ್ ಮತ್ತು ಸಂಗಡಿಗರು ಹಳೆಯ ಪಾರ್ಶ್ವವಾಯುವಿನ ಆರು ಜನರಲ್ಲಿ ನೇರ ವಿದ್ಯುತ್ ಪ್ರಚೋದನೆಯನ್ನು ಪರೀಕ್ಷಿಸಿ, ಕೈಯ ಕೆಲಸವು ಚುರುಕಾದುದನ್ನು ಕಂಡರು. ೨೦೧೦ರಲ್ಲಿ ಬಾಸ್ಟನ್ ನಗರದ ವೈದ್ಯರು ಇಪ್ಪತ್ತು ಜನರಲ್ಲಿ ಐದು ದಿನ ಎರಡೂ ಗೋಳಾರ್ಧಗಳ ಪ್ರಚೋದನೆಯನ್ನು ಅಂಗಸಾಧನೆಯೊಡನೆ ಜೋಡಿಸಿದಾಗ, ನಿಜವಾದ ಚಿಕಿತ್ಸೆ ಪಡೆದವರು ಹುಸಿ ಚಿಕಿತ್ಸೆಯವರಿಗಿಂತ ಬಹಳ ಮುಂದೆ ಹೋದರು.

ದೊಡ್ಡ ಪರೀಕ್ಷೆಗಳು ಬೇರೆ ಪಾಠವನ್ನು ಕಲಿಸಿದವು. ೨೦೧೮ರಲ್ಲಿ ಅಮೆರಿಕೆಯ ಹನ್ನೆರಡು ಕೇಂದ್ರಗಳಿಂದ ೧೯೯ ಜನರ ವರದಿಯು ಹೊರಬಂದಿತು. ಕಾಂತೀಯ ಪ್ರಚೋದನೆಯ ಬಳಿಕ ಅಂಗಸಾಧನೆ ಮಾಡಿದವರಲ್ಲಿ ನೂರಕ್ಕೆ ೬೭ ಮಂದಿಯೂ, ಹುಸಿ ಪ್ರಚೋದನೆಯ ಬಳಿಕ ಅಂಗಸಾಧನೆ ಮಾಡಿದವರಲ್ಲಿ ನೂರಕ್ಕೆ ೬೫ ಮಂದಿಯೂ ಆರು ತಿಂಗಳಲ್ಲಿ ನಿರೀಕ್ಷಿತ ಸುಧಾರಣೆಯನ್ನು ಪಡೆದಿದ್ದರು. ವ್ಯತ್ಯಾಸವು ಇಲ್ಲವೆನ್ನುವಷ್ಟು ಅಲ್ಪ. ೨೦೨೫ರಲ್ಲಿ ಪ್ರಕಟವಾದ ಟ್ರಾನ್ಸ್‌ಪೋರ್ಟ್-೨ ಎಂಬ ೧೨೯ ಜನರ ಪರೀಕ್ಷೆಯಲ್ಲಿ, ಎರಡು ಮಿಲಿಆಂಪಿಯರ್ ಪಡೆದವರು, ನಾಲ್ಕು ಪಡೆದವರು, ಏನನ್ನೂ ಪಡೆಯದವರು ಎಂಬ ಮೂರು ಗುಂಪುಗಳು ಒಳ್ಳೆಯ ಕೈಯನ್ನು ಕಟ್ಟಿಹಾಕುವ ಕ್ರಮದ ಅಭ್ಯಾಸವನ್ನು ಸಮಾನವಾಗಿ ಮಾಡಿದವು. ಮೂರೂ ಗುಂಪುಗಳು ಸುಧಾರಿಸಿದವು; ವಿದ್ಯುತ್ತಿನಿಂದ ಹೆಚ್ಚಿನ ಲಾಭವು ಕಾಣಲಿಲ್ಲ.

ಈ ವರದಿಗಳನ್ನು ಓದಿ ಯಂತ್ರವು ವ್ಯರ್ಥವೆಂದು ತೀರ್ಮಾನಿಸುವುದು ಅವಸರವಾದೀತು. ಬುರುಡೆಯ ದಪ್ಪ, ಗಾಯದ ಸ್ಥಳ ಮತ್ತು ವಿಸ್ತಾರ, ಉಳಿದ ನರತಂತುಗಳ ಪ್ರಮಾಣ, ಸೇವಿಸುವ ಔಷಧಿ, ಇವೆಲ್ಲ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ವೃದ್ಧಾಪ್ಯದಲ್ಲಿ ಮೆದುಳು ಒಂದಿಷ್ಟು ಕುಗ್ಗುವುದರಿಂದ ಒಂದೇ ಪ್ರಮಾಣದ ವಿದ್ಯುತ್ತು ಎಲ್ಲ ಹಿರಿಯರಲ್ಲಿಯೂ ಒಂದೇ ಆಳಕ್ಕೆ ತಲುಪುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬ ಪ್ರಶ್ನೆಗಳ ಶೋಧನೆಯು ಮುಂದುವರಿದಿದೆ. ಆದರೆ ಇದೇ ವರದಿಗಳಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಸಂಗತಿಯೊಂದಿದೆ. ಹುಸಿ ಯಂತ್ರವನ್ನು ಕಟ್ಟಿಕೊಂಡ ಗುಂಪಿನಲ್ಲಿಯೂ ನೂರಕ್ಕೆ ೬೫ ಜನರು ಸುಧಾರಿಸಿದರು. ಅವರನ್ನು ಮೇಲಕ್ಕೆತ್ತಿದುದು ಕಾಲಸಹಜವಾದ ಚೇತರಿಕೆ ಮತ್ತು ಕ್ರಮಬದ್ಧವಾದ ಅಂಗಸಾಧನೆ, ಯಂತ್ರವಂತೂ ಅಲ್ಲ.

ನಡಿಗೆ ಮತ್ತು ಬೀಳುವಿಕೆ

ಪಾರ್ಶ್ವವಾಯುವಿಲ್ಲದ ಹಿರಿಯರಿಗೂ ಈ ವಿಷಯವು ಸಂಬಂಧಿಸಿದೆ. ಮಾತನಾಡುತ್ತ ನಡೆಯುವಾಗ ಅನೇಕ ಹಿರಿಯರ ಹೆಜ್ಜೆ ನಿಧಾನವಾಗುವುದನ್ನು, ಕೆಲವರು ನಿಂತೇಬಿಡುವುದನ್ನು ಎಲ್ಲರೂ ಕಂಡಿದ್ದಾರೆ. ನಡಿಗೆಗೂ ಆಲೋಚನೆಗೂ ಮೆದುಳಿನ ಗಮನವು ಹಂಚಿಹೋಗುವುದೇ ಇದಕ್ಕೆ ಕಾರಣ. ಬಾಸ್ಟನ್ನಿನ ಸಂಶೋಧಕರು ಹಣೆಯ ಹಿಂಭಾಗದ ಮೆದುಳಿಗೆ ನೇರ ವಿದ್ಯುತ್ ಪ್ರಚೋದನೆಯನ್ನು ಕೊಟ್ಟು, ಇಂತಹ ಇಮ್ಮಡಿ ಕೆಲಸದಲ್ಲಿ ಹಿರಿಯರ ನಡಿಗೆಯು ಕೆಡುವುದು ಸ್ವಲ್ಪ ಕಡಿಮೆಯಾದುದನ್ನು ಕಂಡಿದ್ದಾರೆ. ಇದು ಇನ್ನೂ ಮೊಳಕೆಯ ಹಂತದ ಜ್ಞಾನ. ಆದರೆ ಅಂಗಸಾಧನೆಯ ಫಲವು ಮೊಳಕೆಯಲ್ಲ, ತೆನೆ ಬಿಟ್ಟ ಬೆಳೆ. ೨೦೧೯ರಲ್ಲಿ ೧೦೮ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಮತೋಲ ಮತ್ತು ಕಾಲಿನ ಬಲಕ್ಕೆ ಸಂಬಂಧಿಸಿದ ವ್ಯಾಯಾಮಗಳು ಹಿರಿಯರ ಬೀಳುವಿಕೆಯನ್ನು ಸುಮಾರು ನಾಲ್ಕರಲ್ಲಿ ಒಂದು ಪಾಲು ತಗ್ಗಿಸಿದ್ದು ಸ್ಪಷ್ಟವಾಯಿತು. ಬಚ್ಚಲಿನಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡ ಹಿರಿಯರನ್ನು ಕಂಡವರಿಗೆ ಈ ನಾಲ್ಕನೆಯ ಪಾಲಿನ ಬೆಲೆಯು ತಿಳಿದೇ ಇದೆ.

ಅವಳಿ ನಗರದ ವಾಸ್ತವ

ಹುಬ್ಬಳ್ಳಿ-ಧಾರವಾಡಕ್ಕೆ ವೈದ್ಯಕೀಯದ ದೊಡ್ಡ ಪರಂಪರೆಯಿದೆ. ಧಾರವಾಡದ ಮಾನಸಿಕ ಆಸ್ಪತ್ರೆಯು ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು; ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆಯಾಗಿದೆ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು; ಜನರ ಬಾಯಲ್ಲಿ ಅದು ಕಿಮ್ಸ್ ಆಸ್ಪತ್ರೆ. ಎರಡೂ ನಗರಗಳ ನಡುವೆ ಸತ್ತೂರಿನಲ್ಲಿ ಎಸ್.ಡಿ.ಎಂ. ಸಂಸ್ಥೆಯು ವೈದ್ಯಕೀಯದ ಜೊತೆಗೆ ಫಿಜಿಯೋಥೆರಪಿಯನ್ನೂ ಕಲಿಸುತ್ತಿದೆ. ಬೆಂಗಳೂರಿನಲ್ಲಿ ೧೯೭೪ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಮೆದುಳಿನ ಪ್ರಚೋದನೆಯ ಸಂಶೋಧನೆಯಲ್ಲಿ, ವಿಶೇಷವಾಗಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೇಳಿಸುವ ಇಲ್ಲದ ಧ್ವನಿಗಳ ಶಮನದಲ್ಲಿ, ಗಣ್ಯವಾದ ಕೆಲಸ ಮಾಡಿದೆ. ೨೦೨೨ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಹಯೋಗದಿಂದ ಕರ್ನಾಟಕ ಮೆದುಳಿನ ಆರೋಗ್ಯ ಯೋಜನೆಯನ್ನೂ ಆರಂಭಿಸಿತು.

ಆದರೂ ಕಲಘಟಗಿಯ ಕಡೆಯ ಹಳ್ಳಿಯಿಂದಲೋ, ನವಲಗುಂದದ ಕಡೆಯಿಂದಲೋ, ಕೈಕಾಲು ಸೋತ ಹಿರಿಯರೊಬ್ಬರನ್ನು ವಾರಕ್ಕೆ ಐದು ದಿನ ನಗರಕ್ಕೆ ಕರೆತರುವುದು ಸುಲಭವಲ್ಲ. ಬಾಡಿಗೆಯ ವಾಹನ, ಜೊತೆಗೆ ಬರುವ ಮಗನ ಒಂದು ದಿನದ ಕೂಲಿ, ದಾರಿಯ ದಣಿವು, ಇವು ಯಂತ್ರದ ಶುಲ್ಕಕ್ಕಿಂತ ಮೊದಲೇ ಕುಟುಂಬವನ್ನು ಸೋಲಿಸುತ್ತವೆ. ಹಾಗಾದರೆ ಮನೆಯವರಿಗೇ ಕಲಿಸಿ ಅಂಗಸಾಧನೆ ಮಾಡಿಸಿದರೆ ಸಾಲದೆ ಎಂಬ ಪ್ರಶ್ನೆಯು ಹುಟ್ಟುವುದು ನ್ಯಾಯವೇ. ಭಾರತದ ಹದಿನಾಲ್ಕು ಆಸ್ಪತ್ರೆಗಳಲ್ಲಿ ೧೨೫೦ ರೋಗಿಗಳನ್ನು ಸೇರಿಸಿಕೊಂಡು ಇದೇ ಪ್ರಶ್ನೆಯನ್ನು ಪರೀಕ್ಷಿಸಲಾಯಿತು. ೨೦೧೭ರಲ್ಲಿ ಪ್ರಕಟವಾದ ಅದರ ಉತ್ತರವು ನಿರಾಶಾದಾಯಕವಾಗಿತ್ತು. ಮನೆಯವರು ತರಬೇತಿ ಪಡೆದ ಗುಂಪಿನಲ್ಲಿಯೂ, ಪಡೆಯದ ಗುಂಪಿನಲ್ಲಿಯೂ ಆರು ತಿಂಗಳ ಬಳಿಕ ನೂರಕ್ಕೆ ೪೭ ಮಂದಿ ತೀರಿಕೊಂಡಿದ್ದರು ಇಲ್ಲವೆ ಪರಾಧೀನರಾಗಿದ್ದರು. ಮನೆಯವರ ಪ್ರೀತಿಯು ಅತ್ಯಗತ್ಯ. ಆದರೆ ಅದು ತಜ್ಞರ ಕೈಗೆ ಬದಲಿಯಾಗಲಾರದು. ತಾಯಿಯ ಮಮತೆಯು ಗುರುವಿನ ಪಾಠಕ್ಕೆ ಬದಲಿಯಾಗದ ಹಾಗೆ.

ಕೆಲವು ಎಚ್ಚರಿಕೆಗಳು

ಸೂಕ್ತ ಪ್ರಮಾಣದಲ್ಲಿ, ಅರಿತವರ ಕೈಯಲ್ಲಿ ಈ ಪ್ರಚೋದನೆಗಳು ಬಹುಮಟ್ಟಿಗೆ ನಿರಪಾಯಕರ. ನೇರ ವಿದ್ಯುತ್ತಿನಿಂದ ತುರಿಕೆ, ಜುಮುಗುಡುವಿಕೆ, ಚರ್ಮ ಕೆಂಪಾಗುವುದು, ಸಣ್ಣ ತಲೆನೋವು ಉಂಟಾಗಬಹುದು. ಕಾಂತೀಯ ಪ್ರಚೋದನೆಯಿಂದ ಅಪರೂಪಕ್ಕೆ ಮೂರ್ಛೆ ಬರುವುದುಂಟು. ಆದಕಾರಣ ಮೂರ್ಛೆರೋಗವಿರುವವರು, ತಲೆಯಲ್ಲಿ ಲೋಹದ ತುಂಡು ಅಥವಾ ಕಿವಿಯೊಳಗೆ ವಿದ್ಯುತ್ ಸಾಧನವಿರುವವರು, ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಅಂಗಡಿಯಿಂದ ಯಂತ್ರವನ್ನು ಕೊಂಡುತಂದು ಮನೆಯಲ್ಲಿ ತಾವೇ ತಲೆಗೆ ಕಟ್ಟಿಕೊಳ್ಳುವುದು ಸರ್ವಥಾ ಸಲ್ಲದು. ಪ್ರಚೋದನೆಯ ಸಲಹೆ ಬಂದಾಗ ಮನೆಯವರು ಕೇಳಬೇಕಾದ ಪ್ರಶ್ನೆ ಒಂದೇ: 'ಇದರ ಜೊತೆಗೆ ದಿನಕ್ಕೆ ಎಷ್ಟು ಹೊತ್ತು ಅಂಗಸಾಧನೆ ಮಾಡಿಸುತ್ತೀರಿ?' ಅದಕ್ಕೆ ಉತ್ತರವಿಲ್ಲದಿದ್ದರೆ ಹಣವನ್ನು ಕಟ್ಟುವ ಮೊದಲು ಮತ್ತೊಮ್ಮೆ ವಿಚಾರ ಮಾಡುವುದು ಲೇಸು.

ಕರ್ತವ್ಯದ ಹಂಚಿಕೆ

ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು, ಈ ಮೂವರಿಗೂ ಇಲ್ಲಿ ಒಂದೊಂದು ಪಾಲಿದೆ. ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಶಿಕ್ಷಕರು ಮಕ್ಕಳಿಗೆ ಕಲಿಸಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುವುದರಿಂದ, ಮನೆಯಲ್ಲಿ ಅಜ್ಜನ ಮುಖವನ್ನು ಮೊದಲು ನೋಡಿದ ಬಾಲಕಿಯೇ ಆ ಮನೆಯ ಮೊದಲ ವೈದ್ಯಳಾಗಬಹುದು. ವೈದ್ಯವೃತ್ತಿಯಲ್ಲಿಯೂ ಫಿಜಿಯೋಥೆರಪಿಯಲ್ಲಿಯೂ ಇರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಒಂದೆರಡು ದಿನವನ್ನಾದರೂ ತಮ್ಮ ಊರಿನ ಹಿರಿಯರಿಗೆ ಮೀಸಲಿಡಬಹುದು.

ದಾನಿಗಳಿಗೆ ಹೇಳಬೇಕಾದ ಮಾತು ಇನ್ನೂ ಸರಳವಾದುದು. ಯಂತ್ರಕ್ಕೆ ಹೆಸರಿನ ಫಲಕ ಹಚ್ಚುವುದು ಸುಲಭ. ಅದು ಕಣ್ಣಿಗೂ ಕಾಣುತ್ತದೆ. ಫಿಜಿಯೋಥೆರಪಿ ಬಲ್ಲವರೊಬ್ಬರ ಒಂದು ವರುಷದ ವೇತನ, ಹಿಡಿದು ನಡೆಯಲು ಎರಡು ಸರಳುಗಳು, ನಾಲ್ಕು ಮರದ ಮೆಟ್ಟಿಲುಗಳು, ಹಳ್ಳಿಯಿಂದ ಹಿರಿಯರನ್ನು ಕರೆತರುವ ಒಂದು ವಾಹನ, ಇವುಗಳಿಗೆ ಫಲಕ ಹಚ್ಚುವ ರೂಢಿಯಿಲ್ಲ. ಆದರೆ ಇಂದಿನವರೆಗಿನ ಪರೀಕ್ಷೆಗಳು ಸಾರುವ ಅರ್ಥವು ಇದೇ: ಕೈಯನ್ನು ಎತ್ತಿಸುವುದು ಇನ್ನೊಂದು ಕೈ. ಬಿತ್ತುವವರು ಮೊದಲು ದೊರೆಯಲಿ; ಯಾರಿಗೆ ಯಾವ ಹದ ಒಗ್ಗುವುದೆಂಬುದನ್ನು ವಿಜ್ಞಾನವು ತಿಳಿಸಿದ ದಿನ ಯಂತ್ರಕ್ಕೂ ಸ್ವಾಗತವಿರಲಿ.

ಎಳೆಯ ಮಗುವು ಮೊದಲ ಅಕ್ಷರವನ್ನು ನೂರು ಸಲ ತಪ್ಪಾಗಿ ಬರೆದರೂ ಶಾಲೆಯು ಅದರ ಕೈಯನ್ನು ಬಿಡುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ತನ್ನ ಹೆಸರನ್ನು ಮತ್ತೆ ಬರೆಯಲು ಹೆಣಗುವ ಹಿರಿಯರ ಕೈಗೂ ಅಷ್ಟೇ ತಾಳ್ಮೆಯು ಸಲ್ಲಬೇಕಾಗಿದೆ. ಅಕ್ಷರವನ್ನು ಕಲಿಸಿದವರು ಅದನ್ನು ಮರಳಿ ಕಲಿಯುವಾಗ, ಅವರ ಎದುರಿನಲ್ಲಿ ಕುಳಿತುಕೊಳ್ಳಲು ಒಬ್ಬರಾದರೂ ಇರಲಿ.